ಮಗಳಿಗೆ ಆನರ್ಸ್ ಕಾಲೇಜಿನಲ್ಲೂ ಸೀಟು ಸಿಕ್ಕಿದೆ, ಸೇರಿಸಬೇಕಾ?

ಪ್ರಶ್ನೆ: ನಾವು ಹಾಸನ ಕಡೆಯವರು, ಈಗ ಅಮೆರಿಕದ ಅರಿಜೋನಾದ ಚಾಂಡ್ಲರ್‌ನಲ್ಲಿದ್ದೇವೆ. ಮಗಳು ಈ ವರ್ಷ ಹೈಸ್ಕೂಲ್ ಮುಗಿಸುತ್ತಿದ್ದಾಳೆ. ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ. ಜೊತೆಗೆ ಅಲ್ಲಿನ ಬ್ಯಾರೆಟ್ ಆನರ್ಸ್ ಕಾಲೇಜಿಗೂ ಆಯ್ಕೆಯಾಗಿದ್ದಾಳೆ. ಪೂರ್ವ ಕರಾವಳಿಯ ಒಂದು ಖಾಸಗಿ ವಿಶ್ವವಿದ್ಯಾಲಯವೂ ಕರೆದಿದೆ, ಆದರೆ ಅಲ್ಲಿನ ಖರ್ಚು ಕೇಳಿ ಎದೆ ಝಲ್ಲೆಂದಿತು. ಆನರ್ಸ್ ಸೇರಿದರೆ ಕೆಲಸ ಜಾಸ್ತಿ, ಜಿಪಿಎ, ಅಂದರೆ ಸರಾಸರಿ ಅಂಕ ಬೀಳುತ್ತದೆ ಎಂದು ಗೆಳೆಯರು ಹೆದರಿಸುತ್ತಿದ್ದಾರೆ. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪರೀಕ್ಷೆ ಬರೆದು ಗಳಿಸಿದ ಎಪಿ ಕ್ರೆಡಿಟ್‌ಗಳು ಬೇಕಾದಷ್ಟಿವೆ, ಮೂರೇ ವರ್ಷಕ್ಕೆ ಡಿಗ್ರಿ ಮುಗಿಸಿಬಿಡಬಹುದು ಎಂಬ ಲೆಕ್ಕವೂ ನಮಗಿದೆ. ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ, ಮಗಳು ಎಚ್-4, ಅಂದರೆ ಕೆಲಸದ ವೀಸಾದವರ ಅವಲಂಬಿತರಿಗೆ ಕೊಡುವ ವೀಸಾದಲ್ಲಿದ್ದಾಳೆ. ಈ ಆನರ್ಸ್‌ನಿಂದ ನಿಜವಾಗಿ ಏನು ಸಿಗುತ್ತದೆ? ಸೇರಿಸಬೇಕಾ, ಬೇಡವಾ?

ಉತ್ತರ: ನೇರವಾಗಿಯೇ ಹೇಳಿಬಿಡುತ್ತೇನೆ. ಪೂರ್ತಿ ನಾಲ್ಕು ವರ್ಷ ಓದುವ ಮನಸ್ಸು ಮಗಳಿಗಿದೆಯೇ? ಕೊನೆಯ ವರ್ಷ ಒಂದು ವಿಷಯ ಹಿಡಿದು ಸ್ವಂತವಾಗಿ ಕೆಲಸ ಮಾಡುವ ಆಸೆ ಇದೆಯೇ? ಹಾಗಿದ್ದರೆ ಖಂಡಿತ ಸೇರಲಿ. ಮೂರೇ ವರ್ಷಕ್ಕೆ ಮುಗಿಸಲೇಬೇಕು ಎಂದು ನೀವೆಲ್ಲ ಆಗಲೇ ತೀರ್ಮಾನ ಮಾಡಿದ್ದರೆ ಬೇಡ. ಉಳಿದದ್ದೆಲ್ಲ ಈ ಎರಡರ ನಡುವಿನ ಮಾತು.

ನಾನು ಬೇರೊಂದು ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದ ಆನರ್ಸ್ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಸಲಹೆಗಾರಳು. ಏಪ್ರಿಲ್ ಬಂದರೆ ನಿಮ್ಮ ಹಾಗೆ ಕೇಳಿಕೊಂಡು ಬರುವ ತಂದೆ ತಾಯಿಯರು ಬಹಳ. ಹಾಸ್ಟೆಲ್ ಹೇಗಿದೆ, ಕೋರ್ಸ್ ರಿಜಿಸ್ಟ್ರೇಷನ್ ಬೇಗ ಆಗುತ್ತದಾ, ಸರ್ಟಿಫಿಕೇಟ್‌ನಲ್ಲಿ ಏನು ಬರೆಯುತ್ತಾರೆ ಎಂದೆಲ್ಲ ಕೇಳುತ್ತಾರೆ. ಕೊನೆಯ ವರ್ಷದ ಥೀಸಿಸ್, ಅಂದರೆ ಸ್ವಂತ ಸಂಶೋಧನೆಯ ಪ್ರಬಂಧದ ಬಗ್ಗೆ ಕೇಳುವವರು ತೀರ ಕಡಿಮೆ. ಆನರ್ಸ್‌ನ ಜೀವ ಇರುವುದು ಅಲ್ಲೇ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ಊರಿನ ನೆಂಟರಿಗಾಗಿ ಒಂದು ಮಾತು. ಅವರು ಫೋನಿನಲ್ಲಿ ಕೇಳೇ ಕೇಳುತ್ತಾರೆ. ಭಾರತದಲ್ಲಿ 2022ರ ಯುಜಿಸಿ ಚೌಕಟ್ಟಿನ ಪ್ರಕಾರ ಮೂರು ವರ್ಷ, 120 ಕ್ರೆಡಿಟ್ ಮುಗಿಸಿದರೆ ಸಾಮಾನ್ಯ ಪದವಿ; ನಾಲ್ಕನೇ ವರ್ಷವನ್ನೂ ಓದಿ 160 ಕ್ರೆಡಿಟ್ ಮಾಡಿದರೆ ಆನರ್ಸ್. ಕರ್ನಾಟಕ 2021-22ರಲ್ಲಿ ನಾಲ್ಕು ವರ್ಷದ ಪದ್ಧತಿ ತಂದು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಅಮೆರಿಕದ್ದು ಅದಲ್ಲ. ಇಲ್ಲಿ ಸಾಮಾನ್ಯವಾಗಿ ಎಲ್ಲರ ಪದವಿಯೂ ನಾಲ್ಕು ವರ್ಷದ್ದೇ, ಸುಮಾರು 120 ಕ್ರೆಡಿಟ್. ಅದರೊಳಗೇ ಒಂದಷ್ಟು ಕ್ರೆಡಿಟ್‌ಗಳನ್ನು ಇನ್ನೂ ಆಳವಾಗಿ, ಚಿಕ್ಕ ತರಗತಿಗಳಲ್ಲಿ, ಪ್ರೊಫೆಸರ್‌ಗಳ ಹತ್ತಿರವಿದ್ದು ಓದುವುದೇ ಆನರ್ಸ್. ಪದವಿಯ ದಿನ ಒಳ್ಳೆ ಜಿಪಿಎ ಇದ್ದವರಿಗೆ ಕೊಡುವ 'ಕುಮ್ ಲಾಡೆ' ಗೌರವ ಬೇರೆ. ಅದಕ್ಕೆ ಎಲ್ಲೂ ಸೇರಬೇಕಾಗಿಲ್ಲ, ಅಂಕ ಇದ್ದರೆ ತಾನಾಗಿ ಬರುತ್ತದೆ.

ಈ ಪದ್ಧತಿ ಬೆಳೆದ ಬಗೆ ಗೊತ್ತಾದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ. 1922ರಲ್ಲಿ ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್ ಎಂಬ ಸಣ್ಣ ಕಾಲೇಜಿನಲ್ಲಿ ಅಧ್ಯಕ್ಷ ಫ್ರಾಂಕ್ ಏಡಲಾಟ್ ಆನರ್ಸ್ ಓದನ್ನು ಶುರು ಮಾಡಿದರು. ಅವರು ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದವರು. ವಿದ್ಯಾರ್ಥಿ ತಾನೇ ಓದಿ, ಬರೆದು ತಂದು, ಗುರುವಿನ ಎದುರು ಕೂತು ವಾದಿಸುವ ಕ್ರಮವನ್ನು ಅಲ್ಲಿ ಕಂಡಿದ್ದರು. ಅದನ್ನೇ ಇಲ್ಲಿಗೆ ತಂದರು. ಪರೀಕ್ಷೆ ಮಾಡುವವರು ಹೊರಗಿನ ಕಾಲೇಜಿನವರು. ಹಾಗಾಗಿ ಪಾಠ ಹೇಳಿದ ಮೇಷ್ಟ್ರೂ ವಿದ್ಯಾರ್ಥಿಯೂ ಒಂದೇ ಪಕ್ಷ ಆಗಿಬಿಡುತ್ತಿದ್ದರು. ಸ್ವಾರ್ತ್‌ಮೋರ್‌ನಲ್ಲಿ ಹೊರಗಿನ ಪರೀಕ್ಷಕರ ಪದ್ಧತಿ ಇವತ್ತಿಗೂ ಇದೆ.

ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇದು ಜೋರಾಗಿ ಹಬ್ಬಿದ್ದು 1957ರಲ್ಲಿ ಸೋವಿಯತ್ ದೇಶ ಸ್ಪುಟ್ನಿಕ್ ಹಾರಿಸಿದ ಮೇಲೆ. ಜಾಣ ಮಕ್ಕಳನ್ನು ಗುರುತಿಸಿ ಬೆಳೆಸಬೇಕು ಎಂಬ ಆತುರ ಆಗ ದೇಶಕ್ಕೆಲ್ಲ ಹತ್ತಿತು. 1966ರಲ್ಲಿ ಈ ಕಾರ್ಯಕ್ರಮಗಳೆಲ್ಲ ಸೇರಿ ರಾಷ್ಟ್ರ ಮಟ್ಟದ ಒಂದು ಆನರ್ಸ್ ಮಂಡಳಿಯನ್ನೂ ಕಟ್ಟಿಕೊಂಡವು. ಮುಂದೆ ಇನ್ನೊಂದು ಕಾರಣ ಸೇರಿಕೊಂಡಿತು. ರಾಜ್ಯದ ಚುರುಕು ಮಕ್ಕಳು ಖಾಸಗಿ ಕಾಲೇಜು ಹುಡುಕಿಕೊಂಡು ಹೊರಟು ಹೋಗದಂತೆ ಉಳಿಸಿಕೊಳ್ಳಬೇಕಿತ್ತು. ಬ್ಯಾರೆಟ್ 1988ರಲ್ಲಿ ಶುರುವಾಯಿತು. ಇಂಟೆಲ್ ಮುಖ್ಯಸ್ಥರಾಗಿದ್ದ ಕ್ರೇಗ್ ಬ್ಯಾರೆಟ್ ಮತ್ತು ಅವರ ಪತ್ನಿ ಬಾರ್ಬರಾ 1 ಕೋಟಿ ಡಾಲರ್ ಕೊಟ್ಟ ಮೇಲೆ, 2000ದಲ್ಲಿ ಅವರ ಹೆಸರು ಬಂತು. ನಿಮ್ಮ ಚಾಂಡ್ಲರ್‌ನಲ್ಲೇ ಇಂಟೆಲ್‌ನ ದೊಡ್ಡ ಕಾರ್ಖಾನೆ ಇದೆ ಅಲ್ವಾ, ಅದೇ ಕಂಪನಿ. ಪೆನ್ ಸ್ಟೇಟ್‌ನ ಶ್ರೇಯರ್ ಆನರ್ಸ್ ಕಾಲೇಜು 1997ರಲ್ಲಿ 3 ಕೋಟಿ ಡಾಲರ್ ದಾನದಿಂದ ಎದ್ದು ನಿಂತಿತು. ಹೀಗೆ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದ ಒಳಗೇ ಒಂದು ಚಿಕ್ಕ ಕಾಲೇಜು ಹುಟ್ಟಿತು.

ನಿಮ್ಮ ಮುಂದಿರುವ ಆಯ್ಕೆಯೂ ಇದೇ. ಖಾಸಗಿ ವಿಶ್ವವಿದ್ಯಾಲಯ ಏನನ್ನು ತೋರಿಸಿ ಅಷ್ಟು ಹಣ ಕೇಳುತ್ತದೆ? ಚಿಕ್ಕ ತರಗತಿ, ಹೆಸರು ಹಿಡಿದು ಮಾತಾಡಿಸುವ ಪ್ರೊಫೆಸರ್, ಪದವಿಯಲ್ಲೇ ಸಂಶೋಧನೆಯ ಅವಕಾಶ. ಇದರಲ್ಲಿ ದೊಡ್ಡ ಪಾಲು ಒಳ್ಳೆಯ ಆನರ್ಸ್ ಕಾಲೇಜಿನಲ್ಲಿ ಸಿಗುತ್ತದೆ. ಎಲ್ಲವೂ ಸಿಗುವುದಿಲ್ಲ. ಕಂಪ್ಯೂಟರ್ ಸೈನ್ಸ್‌ನ ದೊಡ್ಡ ಕೋರ್ಸ್‌ಗಳಲ್ಲಿ ಅವಳು ನೂರಾರು ಮಕ್ಕಳ ನಡುವೆಯೇ ಕೂರಬೇಕು. ಆದರೂ ಸಾಲ ಮಾಡಿ ಖಾಸಗಿಗೆ ಕಳಿಸುವುದೋ, ಸಾಲವಿಲ್ಲದೆ ಆನರ್ಸ್ ಓದಿಸುವುದೋ ಎಂದರೆ ನಾನು ಎರಡನೆಯದರ ಪರ. ಮುಂದೆ ಮಾಸ್ಟರ್ಸ್ ಮಾಡುವ ಮನಸ್ಸಿದ್ದರಂತೂ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ.

ಹಾಗಂತ ಆನರ್ಸ್ ಪುಕ್ಕಟೆ ಅಂದುಕೊಳ್ಳಬೇಡಿ. ನ್ಯೂಯಾರ್ಕ್ ನಗರದ ಮೆಕಾಲೆ ಆನರ್ಸ್ ಕಾಲೇಜು 2001ರಲ್ಲಿ ಶುರುವಾದದ್ದು, ಅರ್ಹ ನ್ಯೂಯಾರ್ಕ್ ನಿವಾಸಿಗಳಿಗೆ ಅಲ್ಲಿ ಬೋಧನಾ ಶುಲ್ಕವೇ ಇಲ್ಲ. ಬ್ಯಾರೆಟ್ ಹಾಗಲ್ಲ. ಸಾಮಾನ್ಯ ಫೀ ಮೇಲೆ ಆನರ್ಸ್ ಶುಲ್ಕ ಬೇರೆ ಇದೆ. ಹೊಸ ವಿದ್ಯಾರ್ಥಿಗಳು ಬ್ಯಾರೆಟ್‌ನದೇ ವಸತಿಯಲ್ಲಿ ಇರಲಿ ಎಂಬ ನಿರೀಕ್ಷೆಯೂ ಇದೆ. ಚಾಂಡ್ಲರ್‌ನಿಂದ ಯೂನಿವರ್ಸಿಟಿ ಇರುವ ಟೆಂಪಿ ದೂರವೇನಲ್ಲ, ಮನೆಯಿಂದಲೇ ಓಡಾಡಲಿ ಎಂದು ನಿಮಗೆ ಅನಿಸುತ್ತಿರಬಹುದು. ವಿನಾಯಿತಿ ಕೊಡುತ್ತಾರಾ ಎಂದು ಈಗಲೇ ಬರೆದು ಕೇಳಿ. ಈ ಎರಡನ್ನೂ ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿ, ಆಮೇಲೆ ಸ್ಕಾಲರ್‌ಶಿಪ್ ಕಳೆಯಿರಿ.

ಇನ್ನು ಕೆಲಸದ ಮಾತು. ಬ್ಯಾರೆಟ್‌ನಿಂದ ಆನರ್ಸ್ ಪದವಿ ಪಡೆಯಲು ಮೊದಲ ವರ್ಷದಿಂದ ಸೇರಿದವರು 36 ಆನರ್ಸ್ ಕ್ರೆಡಿಟ್ ಮಾಡಬೇಕು, ಜಿಪಿಎ 3.25ಕ್ಕಿಂತ ಇಳಿಯಬಾರದು, ಕೊನೆಯಲ್ಲಿ ಥೀಸಿಸ್ ಅಥವಾ ಸೃಜನಶೀಲ ಪ್ರಾಜೆಕ್ಟ್ ಮಾಡಬೇಕು. ಈ 36 ಕ್ರೆಡಿಟ್ 120ರ ಒಳಗೇ ಬರುತ್ತವೆ, ಮೇಲಿಂದ ಹೇರುವುದಲ್ಲ. ಗೆಳೆಯರ ಹೆದರಿಕೆ ಅರ್ಧ ಹುಟ್ಟುವುದು ಇದು ಗೊತ್ತಿಲ್ಲದೆ. ಶ್ರೇಯರ್‌ನಲ್ಲಿ ಜಿಪಿಎ ಮಿತಿ 3.40. ಕಾಲೇಜಿಗೊಂದು ನಿಯಮ, ಅವು ಬದಲಾಗುತ್ತಲೂ ಇರುತ್ತವೆ. ಅವಳು ಸೇರುವ ವರ್ಷದ ನಿಯಮವನ್ನೇ ಓದಿ, ಸೀನಿಯರ್‌ಗಳು ಹೇಳಿದ್ದನ್ನಲ್ಲ.

ಮೊದಲ ವರ್ಷ ಬ್ಯಾರೆಟ್ ಮಕ್ಕಳೆಲ್ಲ 'ದಿ ಹ್ಯೂಮನ್ ಇವೆಂಟ್' ಎಂಬ ಎರಡು ಸೆಮಿಸ್ಟರ್‌ನ ಕೋರ್ಸ್ ಓದುತ್ತಾರೆ. ಹಳೆಯ ಕಾಲದಿಂದ ಇಂದಿನವರೆಗಿನ ಮೂಲ ಬರಹಗಳನ್ನು ಓದಿಕೊಂಡು ಬರಬೇಕು, ತರಗತಿಯಲ್ಲಿ ಚರ್ಚೆ ಮಾಡಬೇಕು, ಪ್ರಬಂಧ ಬರೆಯಬೇಕು. ಮಾತಾಡಿದ್ದಕ್ಕೂ ಅಂಕ ಇರುತ್ತದೆ. ನಮ್ಮ ಮನೆಗಳ ಮಕ್ಕಳು ಎಡವುವುದು ಇಲ್ಲೇ ಎಂದು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಕ್ಯಾಲ್ಕುಲಸ್‌ನಲ್ಲಿ ನೂರಕ್ಕೆ ನೂರು ತೆಗೆಯುವ ಹುಡುಗಿ ಮೇಜಿನ ಸುತ್ತ ಕೂತ ಆ ಕೋಣೆಯಲ್ಲಿ ಬಾಯಿಯೇ ಬಿಡುವುದಿಲ್ಲ. ಓದಿರುತ್ತಾಳೆ, ಅಂಚಿನಲ್ಲೆಲ್ಲ ಗುರುತು ಹಾಕಿರುತ್ತಾಳೆ. ಸರಿಯಾದ ಉತ್ತರ ಸಿಗುವವರೆಗೆ ಮಾತಾಡಬಾರದು ಎಂದು ಕಾಯುತ್ತಾಳೆ. ಅಷ್ಟರಲ್ಲಿ ಅರೆಬರೆ ಓದಿದ ಹುಡುಗ ಏನೋ ಒಂದು ಹೇಳಿ ಚರ್ಚೆಯನ್ನು ಎಲ್ಲಿಗೋ ಎಳೆದುಕೊಂಡು ಹೋಗಿರುತ್ತಾನೆ. ಸೆಮಿಸ್ಟರ್ ಕೊನೆಗೆ ಅವಳಿಗೆ ಜೀವನದ ಮೊದಲ ಬಿ ಪ್ಲಸ್ ಬರುತ್ತದೆ. ಮನೆಯಲ್ಲಿ ಗಾಬರಿ.

ದಯವಿಟ್ಟು ಆಗ ನೀವು ಗಾಬರಿ ಬೀಳಬೇಡಿ. ಇದು ಕಲಿಯಬಹುದಾದ ಕೆಲಸ. ನಾನು ಇಂಥ ಮಕ್ಕಳಿಗೆ ಹೇಳುವುದು ಇಷ್ಟೇ: ಪ್ರತಿ ತರಗತಿಗೂ ಓದಿದ್ದರಲ್ಲಿ ಒಂದು ಸಾಲು ಆರಿಸಿಕೊಂಡು ಬಾ, ಮೊದಲ ಹತ್ತು ನಿಮಿಷದಲ್ಲೇ 'ಈ ಸಾಲು ನನಗೆ ಅರ್ಥವಾಗಲಿಲ್ಲ, ಯಾಕೆಂದರೆ' ಎಂದು ಶುರು ಮಾಡು. ಉತ್ತರ ಹೇಳಬೇಕಿಲ್ಲ, ಪ್ರಶ್ನೆ ಸಾಕು. ಮೊದಲ ಪ್ರಬಂಧಕ್ಕೆ ಮುಂಚೆಯೇ ಪ್ರೊಫೆಸರ್ ವಿದ್ಯಾರ್ಥಿಗಳಿಗೆಂದೇ ಇಡುವ ಆಫೀಸ್ ಅವರ್ಸ್‌ಗೆ ಹೋಗಿ ಕೂತು ಮಾತಾಡು. ಎರಡನೇ ಸೆಮಿಸ್ಟರ್ ಹೊತ್ತಿಗೆ ಬಹಳಷ್ಟು ಮಕ್ಕಳು ಬೇರೆಯವರೇ ಆಗಿರುತ್ತಾರೆ. ಮುಂದೆ ಇಂಟರ್ವ್ಯೂನಲ್ಲಿ, ಮೀಟಿಂಗ್‌ನಲ್ಲಿ ಬಾಯಿ ಬಿಡುವ ಧೈರ್ಯ ಅವರಿಗೆ ಬಂದದ್ದು ಇಲ್ಲೇ ಎಂದು ನಾನು ನಂಬಿದ್ದೇನೆ. ಜಿಪಿಎ ಬೀಳುತ್ತದಾ? ಒಂದು ಸೆಮಿಸ್ಟರ್ ಸ್ವಲ್ಪ ಅಲುಗಾಡಬಹುದು. ಆದರೆ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳ ಜಿಪಿಎ ಕೆಡಿಸುವುದು ಹೆಚ್ಚಾಗಿ ಅವರ ಸ್ವಂತ ವಿಭಾಗದ ಕೋರ್ಸ್‌ಗಳೇ. ಆನರ್ಸ್ ಇದ್ದರೂ ಇಲ್ಲದಿದ್ದರೂ ಅವುಗಳನ್ನು ಓದಲೇಬೇಕು.

ಉಳಿದ ಆನರ್ಸ್ ಕ್ರೆಡಿಟ್‌ಗಳು ಎಲ್ಲಿಂದ ಬರುತ್ತವೆ ಎಂದರೆ, ಬಹಳಷ್ಟು ಕಾಂಟ್ರಾಕ್ಟ್‌ಗಳಿಂದ. ಅವಳು ಹೇಗೂ ಓದಬೇಕಾದ ಒಂದು ಮಾಮೂಲಿ ಕೋರ್ಸ್‌ನಲ್ಲಿ, ಪ್ರೊಫೆಸರ್ ಜೊತೆ ಮಾತಾಡಿ ಒಂದು ಹೆಚ್ಚಿನ ಕೆಲಸ ಒಪ್ಪಿಕೊಳ್ಳುತ್ತಾಳೆ. ಸೆಮಿಸ್ಟರ್ ಶುರುವಿನಲ್ಲೇ ಅದನ್ನು ಬರೆದು ಸಲ್ಲಿಸಬೇಕು, ಕೊನೆಯಲ್ಲಿ ಪ್ರೊಫೆಸರ್ ಆಯಿತೆಂದು ಒಪ್ಪಬೇಕು. ಆಗ ಆ ಕೋರ್ಸ್ ಆನರ್ಸ್ ಲೆಕ್ಕಕ್ಕೆ ಬರುತ್ತದೆ. ಇದನ್ನು ಕಾಟಾಚಾರಕ್ಕೆ ಮಾಡಬಹುದು, ಚೆನ್ನಾಗಿಯೂ ಮಾಡಬಹುದು. ಕಾಟಾಚಾರದ್ದು ಎಂದರೆ ಕೊನೆಯ ವಾರ ಗೀಚಿ ಕೊಟ್ಟ ಐದು ಪುಟದ ವರದಿ. ಚೆನ್ನಾಗಿ ಮಾಡಿದ್ದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನಮ್ಮಲ್ಲಿ ಒಬ್ಬಳು ಲೀನಿಯರ್ ಆಲ್ಜಿಬ್ರಾ ಕೋರ್ಸ್‌ನಲ್ಲಿ, ಮ್ಯಾಟ್ರಿಕ್ಸ್ ಒಡೆಯುವ ವಿಧಾನ ಬಳಸಿ ಚಿತ್ರಗಳ ಗಾತ್ರ ಇಳಿಸುವ ಸಣ್ಣ ಪ್ರೋಗ್ರಾಂ ಬರೆಯುತ್ತೇನೆ ಎಂದು ಒಪ್ಪಿಕೊಂಡಳು. ಪ್ರಯೋಗಕ್ಕೆ ಅಜ್ಜಿಯ ಹಳೇ ಕನ್ನಡ ಪತ್ರವೊಂದರ ಫೋಟೋ ತೆಗೆದುಕೊಂಡಳು. ಎಷ್ಟು ಇಳಿಸಿದರೆ ಅಕ್ಷರ ಓದಲು ಬರುತ್ತದೆ ಎಂದು ನೋಡುತ್ತಾ ಹೋದಳು. ಒಂದು ಹಂತ ದಾಟಿದ ಕೂಡಲೇ ಮೊದಲು ಮಾಯವಾಗುವುದು ಒತ್ತಕ್ಷರಗಳು ಎಂದು ಅವಳಿಗೆ ಕಂಡಿತು. ಸಾಲಿನ ಕೆಳಗೆ ಸಣ್ಣದಾಗಿ ಕೂತ ಗುರುತುಗಳು ತಾನೇ? ಅದನ್ನು ನೋಡಿದ ಪ್ರೊಫೆಸರ್ ಅವಳನ್ನು ತಮ್ಮ ಲ್ಯಾಬ್‌ಗೆ ಕರೆದರು. ಎರಡು ವರ್ಷದ ಮೇಲೆ ಅವಳ ಥೀಸಿಸ್ ಕನ್ನಡ ಕೈಬರಹವನ್ನು ಕಂಪ್ಯೂಟರ್ ಗುರುತಿಸುವುದರ ಬಗ್ಗೆಯೇ ಆಯಿತು.

ಇದನ್ನು ಯಾಕೆ ಇಷ್ಟು ವಿವರವಾಗಿ ಹೇಳಿದೆ ಎಂದರೆ, ಥೀಸಿಸ್ ಹುಟ್ಟುವುದೇ ಹೀಗೆ. ಮೂರನೇ ವರ್ಷದ ಕೊನೆಗೆ 'ಯಾರಾದರೂ ಗೈಡ್ ಇದ್ದರೆ ಹೇಳಿ' ಎಂದು ಬರುವ ಮಕ್ಕಳಿಗೆ ನಾನು ಮಾಡಬಹುದಾದದ್ದು ಕಡಿಮೆ. ಪರಿಚಯವೇ ಇಲ್ಲದ ಪ್ರೊಫೆಸರ್‌ಗೆ ಇಮೇಲ್ ಮೇಲೆ ಇಮೇಲ್ ಕಳಿಸಿ ಕಾಯುತ್ತಾರೆ. ಸುಮಾರು ಮಕ್ಕಳು ಅಲ್ಲೇ ಆನರ್ಸ್ ಕೈಬಿಡುತ್ತಾರೆ. ಕ್ರೆಡಿಟ್ ಎಲ್ಲ ಮುಗಿದಿರುತ್ತದೆ, ಥೀಸಿಸ್ ಮಾತ್ರ ಇರುವುದಿಲ್ಲ. ಅದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಎರಡನೇ ವರ್ಷ ಮುಗಿಯುವಷ್ಟರಲ್ಲಿ ಕನಿಷ್ಠ ಇಬ್ಬರು ಪ್ರೊಫೆಸರ್‌ಗಳಿಗೆ ಅವಳ ಹೆಸರು, ಅವಳ ಆಸಕ್ತಿ ಗೊತ್ತಿರಬೇಕು. ಮೂರನೇ ವರ್ಷದ ವಸಂತ ಸೆಮಿಸ್ಟರ್‌ನಲ್ಲಿ ಗೈಡ್ ನಿಕ್ಕಿಯಾಗಬೇಕು. ಬೇಸಿಗೆಯಲ್ಲಿ ಓದು, ನಾಲ್ಕನೇ ವರ್ಷ ಶುರುವಾಗುವ ಹೊತ್ತಿಗೆ ಕೆಲಸದ ಯೋಜನೆ ಬರಹದಲ್ಲಿರಬೇಕು. ಕೊನೆಯ ಸೆಮಿಸ್ಟರ್‌ನಲ್ಲಿ ಸಮಿತಿಯ ಮುಂದೆ ಮಂಡಿಸಿ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಎಂಜಿನಿಯರಿಂಗ್‌ನವರಿಗೆ ಹೇಗೂ ಕೊನೆಯ ವರ್ಷ ಕ್ಯಾಪ್‌ಸ್ಟೋನ್ ಎಂಬ ದೊಡ್ಡ ಪ್ರಾಜೆಕ್ಟ್ ಇರುತ್ತದೆ. ಅದನ್ನೇ ಬೆಳೆಸಿ ಥೀಸಿಸ್ ಮಾಡಲು ಅವಳ ವಿಭಾಗ ಬಿಡುತ್ತದೆಯೇ ಎಂದು ಮೊದಲ ವರ್ಷವೇ ಕೇಳಿಟ್ಟುಕೊಳ್ಳಲಿ.

ಈಗ ನಿಮ್ಮ ಮೂರು ವರ್ಷದ ಲೆಕ್ಕಕ್ಕೆ ಬರುತ್ತೇನೆ. ಎಪಿ ಕ್ರೆಡಿಟ್ ಪದವಿಯ ಲೆಕ್ಕಕ್ಕೆ ಬರುತ್ತದೆ, ಸಾಮಾನ್ಯವಾಗಿ ಆನರ್ಸ್ ಲೆಕ್ಕಕ್ಕೆ ಬರುವುದಿಲ್ಲ. ಎಪಿಯಿಂದ ಒಂದನೇ ವರ್ಷದ ಕೋರ್ಸ್‌ಗಳು ಹಾರಿಹೋದರೆ ಆನರ್ಸ್ ಕ್ರೆಡಿಟ್ ಗಳಿಸುವ ಜಾಗವೂ ಅಷ್ಟೇ ಕಮ್ಮಿಯಾಗುತ್ತದೆ. ಮೂರು ವರ್ಷದಲ್ಲಿ ಎರಡನ್ನೂ ಮುಗಿಸಿದವರು ಇಲ್ಲವೆಂದಲ್ಲ. ಆದರೆ ಅವರ ಥೀಸಿಸ್ ಶುರುವಾಗುವುದು ಎರಡನೇ ವರ್ಷದ ಕೊನೆಗೆ, ಇನ್ನೂ ವಿಷಯದ ಆಳ ಗೊತ್ತಾಗುವ ಮೊದಲೇ. ಆ ಎಪಿ ಕ್ರೆಡಿಟ್‌ಗಳನ್ನು ಒಂದು ವರ್ಷ ಉಳಿಸಲು ಬಳಸುವ ಬದಲು ನಾಲ್ಕು ವರ್ಷವನ್ನು ಹಗುರ ಮಾಡಿಕೊಳ್ಳಲು ಬಳಸಲಿ ಎಂಬುದು ನನ್ನ ಸಲಹೆ. ಸೆಮಿಸ್ಟರ್‌ಗೆ ಒಂದು ಕೋರ್ಸ್ ಕಮ್ಮಿ ತೆಗೆದುಕೊಂಡು, ಆ ಸಮಯವನ್ನು ಲ್ಯಾಬ್‌ನಲ್ಲಿ ಕಳೆಯಲಿ. ಒಂದು ವರ್ಷದ ಫೀ ಉಳಿಸುವುದು ನಿಮ್ಮ ಮನೆಗೆ ನಿಜಕ್ಕೂ ದೊಡ್ಡ ವಿಷಯವಾಗಿದ್ದರೆ ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆಗ ಆನರ್ಸ್ ಬಿಟ್ಟು ಮೂರು ವರ್ಷದಲ್ಲಿ ಮುಗಿಸುವುದೇ ಸರಿ.

ಎಚ್-4 ವಿಷಯ ನೀವು ಬರೆದದ್ದು ಒಳ್ಳೆಯದಾಯಿತು. ಬಹಳ ಜನ ಇದನ್ನು ಮುಚ್ಚಿಟ್ಟು ಕೇಳುತ್ತಾರೆ. ಎಚ್-4ರಲ್ಲಿರುವ ಮಕ್ಕಳು ಓದಬಹುದು, ದುಡಿಯುವ ಹಾಗಿಲ್ಲ. ಅಂದರೆ ಸಂಬಳದ ಇಂಟರ್ನ್‌ಶಿಪ್ ಇಲ್ಲ, ಕ್ಯಾಂಪಸ್‌ನ ಸಂಬಳದ ಕೆಲಸವೂ ಇಲ್ಲ. ಎಂಜಿನಿಯರಿಂಗ್ ಕಾಲೇಜಿನ ಸಂಶೋಧನಾ ಯೋಜನೆಗಳು ಹಣ ಕೊಡುವಂಥವಾದರೆ ಒಪ್ಪಿಕೊಳ್ಳುವ ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಲೇಬೇಕು. ಆದರೆ ಕ್ರೆಡಿಟ್‌ಗಾಗಿ ಮಾಡುವ ಸಂಶೋಧನೆ, ಅಂದರೆ ಆನರ್ಸ್ ಥೀಸಿಸ್, ಓದಿನ ಭಾಗ. ಇಂಟರ್ನ್‌ಶಿಪ್ ಸಾಲು ಖಾಲಿ ಉಳಿಯುವ ರೆಸ್ಯೂಮೆಯಲ್ಲಿ ಅದಕ್ಕಿರುವ ತೂಕ ಬೇರೆಯೇ. ನಿಮ್ಮ ಮಗಳ ವಿಷಯದಲ್ಲಿ ಆನರ್ಸ್ ಪರ ನನಗೆ ಕಾಣುವ ಗಟ್ಟಿ ಕಾರಣ ಇದೇ.

ಇನ್ನೊಂದು, 21 ತುಂಬಿದ ದಿನಕ್ಕೆ ಎಚ್-4 ಮುಗಿಯುತ್ತದೆ. ಅದು ಮೂರನೇ ಅಥವಾ ನಾಲ್ಕನೇ ವರ್ಷದ ನಡುವೆ, ಸರಿಯಾಗಿ ಥೀಸಿಸ್ ಸಮಯಕ್ಕೇ ಬಂದು ನಿಲ್ಲಬಹುದು. ಎಫ್-1 ಎಂಬ ವಿದ್ಯಾರ್ಥಿ ವೀಸಾಗೆ ಬದಲಾಯಿಸುವ ಅರ್ಜಿಯನ್ನು ಬಹಳ ಮೊದಲೇ ಹಾಕಬೇಕು. ವಯಸ್ಸಿನ ಲೆಕ್ಕದಲ್ಲಿ ಕಾನೂನಿನ ರಕ್ಷಣೆ ಕೆಲವರಿಗೆ ಸಿಗುತ್ತದೆ, ಕೆಲವರಿಗೆ ಇಲ್ಲ. ಇದನ್ನು ವಲಸೆ ವಕೀಲರ ಹತ್ತಿರ ಈಗಲೇ ಮಾತಾಡಿ. ಗೋಲ್ಡ್‌ವಾಟರ್‌ನಂಥ ದೊಡ್ಡ ವಿದ್ಯಾರ್ಥಿವೇತನಗಳು ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಆನರ್ಸ್ ಸೇರಿದರೆ ಅವೆಲ್ಲ ಸಿಗುತ್ತವೆ ಎಂದು ಯಾರಾದರೂ ಹೇಳಿದರೆ ಅವಳಿಗೆ ಸದ್ಯಕ್ಕೆ ಅದು ಅನ್ವಯಿಸುವುದಿಲ್ಲ.

ಕೆಲಸ ಸಿಗುವುದರಲ್ಲಿ ಆನರ್ಸ್‌ನ ಪಾತ್ರ ಏನು ಅಂತೀರಾ? ಸಾಫ್ಟ್‌ವೇರ್ ಕಂಪನಿಯವರು ಆನರ್ಸ್ ಎಂಬ ಹೆಸರಿಗೆ ಬೀಳುವುದಿಲ್ಲ. ಏನು ಮಾಡಿದ್ದೀಯಾ ತೋರಿಸು ಎನ್ನುತ್ತಾರೆ. ತೋರಿಸಲು ಥೀಸಿಸ್ ಇದ್ದರೆ ಅದು ನೆರವಾಗುತ್ತದೆ. ಪಿಎಚ್‌ಡಿಗೆ ಅರ್ಜಿ ಹಾಕುವವರಿಗಂತೂ ಬಹಳ ದೊಡ್ಡ ನೆರವು. ಅಲ್ಲಿ ಎಲ್ಲಕ್ಕಿಂತ ಹೆಚ್ಚು ನೋಡುವುದು ಸಂಶೋಧನೆಯ ಅನುಭವ ಮತ್ತು ಹತ್ತಿರದಿಂದ ಕಂಡ ಪ್ರೊಫೆಸರ್ ಬರೆದ ಶಿಫಾರಸು ಪತ್ರ. 'ಈ ವಿದ್ಯಾರ್ಥಿನಿಗೆ ಎ ಬಂದಿದೆ' ಎಂಬ ಪತ್ರಕ್ಕೂ, 'ಇವಳ ಪ್ರಯೋಗ ಕೈಕೊಟ್ಟಾಗ ಇವಳು ಹೀಗೆ ಮಾಡಿದಳು' ಎಂಬ ಪತ್ರಕ್ಕೂ ಇರುವ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ತಂದೆಯಾಗಿ ನಿಮಗೊಂದು ವಿಷಯ ಮೊದಲೇ ಗೊತ್ತಿರಲಿ. ಅವಳು ಕಾಲೇಜು ಸೇರಿದ ಮೇಲೆ ಅವಳ ಅಂಕ, ಹಾಜರಿ, ಜಿಪಿಎ ಬಗ್ಗೆ ಅವಳ ಒಪ್ಪಿಗೆ ಇಲ್ಲದೆ ನನ್ನಂಥವರು ನಿಮ್ಮ ಜೊತೆ ಸಾಮಾನ್ಯವಾಗಿ ಮಾತಾಡುವ ಹಾಗಿಲ್ಲ. 1974ರಿಂದ ಇರುವ ಫೆರ್ಪಾ ಕಾನೂನು ಅದು. ಫೀ ಕಟ್ಟುವವನು ನಾನೇ ಅಲ್ವಾ ಎಂದು ಬೇಸರ ಮಾಡಿಕೊಳ್ಳುವ ತಂದೆಯರನ್ನು ನೋಡಿದ್ದೇನೆ, ಆ ಬೇಸರ ನನಗೂ ಅರ್ಥವಾಗುತ್ತದೆ. ಹಾಗಾಗಿ ಆನರ್ಸ್ ಬೇಕೋ ಬೇಡವೋ ಎಂಬ ಮಾತನ್ನು ಈಗಿನಿಂದಲೇ ಅವಳೇ ಆಡಲಿ. ಆನರ್ಸ್ ಕಚೇರಿಗೆ ಇಮೇಲ್ ಬರೆಯುವುದು, ಫೋನ್ ಮಾಡುವುದು ಅವಳ ಕೈಯಲ್ಲೇ ಆಗಲಿ. ಅಪ್ಪನ ಒತ್ತಾಯಕ್ಕೆ ಸೇರಿದ ಮಕ್ಕಳಿಗೆ ಥೀಸಿಸ್‌ನ ಆ ಒಂದು ವರ್ಷ ಬಹಳ ಭಾರವಾಗುತ್ತದೆ.

ಈ ವಾರ ಅವಳು ಮಾಡಬೇಕಾದದ್ದು ಒಂದಿಷ್ಟಿದೆ. ಅರಿಜೋನಾ ಸ್ಟೇಟ್ ಯೂನಿವರ್ಸಿಟಿ ಗ್ರಂಥಾಲಯದ 'ಕೀಪ್' ಎಂಬ ಆನ್‌ಲೈನ್ ಸಂಗ್ರಹದಲ್ಲಿ ಬ್ಯಾರೆಟ್ ವಿದ್ಯಾರ್ಥಿಗಳ ಥೀಸಿಸ್‌ಗಳಿವೆ. ಅದರಲ್ಲಿ ಕಂಪ್ಯೂಟರ್ ಸೈನ್ಸ್‌ನವು ಎರಡು ಮೂರು ಹುಡುಕಿ ಓದಲಿ. ಪೂರ್ತಿ ಅರ್ಥವಾಗಬೇಕಿಲ್ಲ. ಪೀಠಿಕೆ ಓದಿ, ಗೈಡ್ ಯಾರು ಎಂದು ನೋಡಿ, ಕೊನೆಯ ಅಧ್ಯಾಯಕ್ಕೆ ಹೋಗಲಿ. ಒಂದೇ ಗೈಡ್ ಹೆಸರು ಹಲವು ಕಡೆ ಕಂಡರೆ ಬರೆದಿಟ್ಟುಕೊಳ್ಳಲಿ. ಆಮೇಲೆ ಆನರ್ಸ್ ಕಚೇರಿಗೆ ಫೋನ್ ಮಾಡಿ, ಕಂಪ್ಯೂಟರ್ ಸೈನ್ಸ್‌ನಿಂದ ಸೇರಿದವರಲ್ಲಿ ಎಷ್ಟು ಜನ ಥೀಸಿಸ್ ಮುಗಿಸಿ ಆನರ್ಸ್ ಪದವಿ ಪಡೆಯುತ್ತಾರೆ ಎಂದು ಕೇಳಲಿ. ಸೇರುವವರ ಸಂಖ್ಯೆ ಎಲ್ಲರೂ ಹೇಳುತ್ತಾರೆ, ಮುಗಿಸುವವರ ಸಂಖ್ಯೆ ಕೇಳಿದವರಿಗೆ ಮಾತ್ರ ಸಿಗುತ್ತದೆ. ಈಗ ಮೂರನೇ ವರ್ಷದಲ್ಲಿರುವ ಒಬ್ಬ ವಿದ್ಯಾರ್ಥಿಯ ಜೊತೆ ಮಾತಾಡಲು ಅವಕಾಶ ಮಾಡಿಕೊಡಿ ಎಂದೂ ಕೇಳಲಿ.

ಥೀಸಿಸ್ ಓದಿ ಅವಳು 'ಇಂಥದ್ದು ನಾನೂ ಮಾಡಬೇಕು' ಎಂದರೆ ಸೇರಿಸಿ. 'ಇದು ನನಗೆ ಬೇಡ' ಎಂದರೆ ಅದೂ ಸರಿಯಾದ ಉತ್ತರವೇ. ಬ್ಯಾರೆಟ್ ಇಲ್ಲದೆಯೂ ಅದು ಒಳ್ಳೆಯ ಡಿಗ್ರಿ. ಗೊಂದಲದಲ್ಲೇ ಉಳಿದರೆ ಸೇರಿ ನೋಡಲಿ. ಮಧ್ಯದಲ್ಲಿ ಬಿಟ್ಟರೆ ಡಿಗ್ರಿಗೆ ಧಕ್ಕೆ ಇಲ್ಲ, ಗಳಿಸಿದ ಕ್ರೆಡಿಟ್ ಎಲ್ಲೂ ಹೋಗುವುದಿಲ್ಲ. ಸ್ಕಾಲರ್‌ಶಿಪ್ ಏನಾದರೂ ಆನರ್ಸ್‌ಗೆ ಕಟ್ಟಿಕೊಂಡಿದೆಯೇ ಎಂಬುದನ್ನು ಮಾತ್ರ ನೋಡಿಕೊಳ್ಳಿ. ಈಗ ಸೇರದೆ, ಕಾಲೇಜಿನ ಮೊದಲ ವರ್ಷ ಮುಗಿಸಿ ಅರ್ಜಿ ಹಾಕುವ ದಾರಿಯೂ ಬಹಳಷ್ಟು ಕಡೆ ಇದೆ, ಆದರೆ ಆಗ ಸೀಟು ಸಿಗುವ ಖಾತ್ರಿ ಇರುವುದಿಲ್ಲ. ಹೆಚ್ಚಿನ ವಿಶ್ವವಿದ್ಯಾಲಯಗಳು ಮೇ 1ರೊಳಗೆ ತೀರ್ಮಾನ ಹೇಳಿ ಎನ್ನುತ್ತವೆ. ಆನರ್ಸ್ ಮತ್ತು ವಸತಿಯ ಕೊನೆಯ ದಿನಗಳು ಬೇರೆ ಇರಬಹುದು, ಅವನ್ನು ಅವಳ ಪೋರ್ಟಲ್‌ನಲ್ಲಿ ಇವತ್ತೇ ನೋಡಿ.